ಬಳ್ಳಾರಿ, ರಾಯಚೂರು, ಕೊಪ್ಪಳದಿಂದ ಸ್ವಂತ ಕಾರಿನಲ್ಲಿ ಹಿಮದ ಕಾಡಿಗೆ: ಗ್ರೇಟ್ ಹಿಮಾಲಯನ್ ರಾಷ್ಟ್ರೀಯ ಉದ್ಯಾನಕ್ಕೆ ಹೋಗುವ ಬಗೆ

ಬಿಸಿಲು ಏರತೊಡಗಿದರೆ ಸಾಕು, ನಮ್ಮ ಮೂರು ಜಿಲ್ಲೆಗಳ ಓದುಗರು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ. ಸ್ವಂತ ಕಾರಿನಲ್ಲೇ ಹಿಮ ನೋಡಲು ಹೋಗಬಹುದೇ? ಎಷ್ಟು ದಿನ ರಜೆ ಹಾಕಬೇಕು? ಹಿಮದಲ್ಲಿ ಜಾರದಂತೆ ಚಕ್ರಕ್ಕೆ ಸುತ್ತುವ ಚೈನ್ ಬೇಕೇ? ರಾಷ್ಟ್ರೀಯ ಉದ್ಯಾನದೊಳಗೆ ಜೀಪ್ ಸಫಾರಿ ಸಿಗುತ್ತದೆಯೇ?

ಕಾರಿನಲ್ಲಿ ಹೋಗಬಹುದು. ಸಾಧಾರಣ ಹ್ಯಾಚ್‌ಬ್ಯಾಕ್ ಸಾಕು. ಆದರೆ 42 ಡಿಗ್ರಿ ಬಿಸಿಲಿಗೆ ಒಗ್ಗಿದ ಗಾಡಿಯನ್ನು ಚಳಿಗೆ ತಯಾರು ಮಾಡುವ ಕೆಲಸ ಊರಲ್ಲೇ ಮುಗಿಯಬೇಕು. ದಾರಿಯಲ್ಲಿ ಮಾಡಿಕೊಂಡರಾಯಿತು ಎಂದು ಹೊರಟವರೇ ಹೆಚ್ಚಾಗಿ ಸಿಕ್ಕಿಹಾಕಿಕೊಳ್ಳುವುದು. ಸಫಾರಿಯಂತೂ ಇಲ್ಲವೇ ಇಲ್ಲ. ಈ ಉದ್ಯಾನದೊಳಗೆ ವಾಹನ ಹೋಗುವ ರಸ್ತೆಯೇ ಇಲ್ಲ. ಕಾರು ಹಳ್ಳಿಯಲ್ಲಿ ನಿಲ್ಲುತ್ತದೆ, ಮುಂದೆ ನಡೆಯಬೇಕು. ಬಂಡೀಪುರದ ಹಾಗೆ ಟಿಕೆಟ್ ತೆಗೆಸಿ ಬಸ್ಸಿನಲ್ಲಿ ಕೂತು ನೋಡುವ ಲೆಕ್ಕಾಚಾರ ನಿಮ್ಮದಾಗಿದ್ದರೆ ಈ ಜಾಗ ನಿಮಗೆ ಹೊಂದುವುದಿಲ್ಲ. ಇದನ್ನು ಹೊರಡುವ ಮೊದಲೇ ತಿಳಿದಿರುವುದು ಒಳ್ಳೆಯದು.

ಗ್ರೇಟ್ ಹಿಮಾಲಯನ್ ರಾಷ್ಟ್ರೀಯ ಉದ್ಯಾನ ಇರುವುದು ಹಿಮಾಚಲ ಪ್ರದೇಶದ ಕುಲ್ಲು ಜಿಲ್ಲೆಯಲ್ಲಿ. ವಿಸ್ತಾರ ಸುಮಾರು 754 ಚದರ ಕಿಲೋಮೀಟರ್. 1984ರಲ್ಲಿ ರೂಪುಗೊಂಡು 1999ರಲ್ಲಿ ರಾಷ್ಟ್ರೀಯ ಉದ್ಯಾನವೆಂದು ವಿಧಿವತ್ತಾಗಿ ಘೋಷಣೆಯಾಯಿತು. 2014ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಹಿಮಾಚಲದ ರಾಜ್ಯಪಕ್ಷಿ ಜುಜುರಾಣಾ, ಬಣ್ಣಬಣ್ಣದ ಮೋನಾಲ್ ಕೋಳಿ, ಹಿಮಾಲಯದ ತಾಹ್ರ್ (ಒಂದು ಬಗೆಯ ಕಾಡುಮೇಕೆ), ಕಸ್ತೂರಿ ಮೃಗ, ಮೇಲಿನ ಎತ್ತರಗಳಲ್ಲಿ ನೀಲಿ ಕುರಿ ಮತ್ತು ಹಿಮ ಚಿರತೆ ಇಲ್ಲಿನ ಸಂಪತ್ತು. ಸ್ಪಿತಿಯ ಪಿನ್ ವ್ಯಾಲಿ ಮತ್ತು ಲಡಾಖಿನ ಹೆಮಿಸ್ ಕೂಡ ಹಿಮದ ಉದ್ಯಾನಗಳೇ. ಆದರೆ ಅಲ್ಲಿ ರಾತ್ರಿ ಕಳೆಯುವ ಊರುಗಳೇ 3,500 ಮೀಟರ್‌ಗಿಂತ ಎತ್ತರದಲ್ಲಿವೆ. 500 ಮೀಟರ್ ಆಸುಪಾಸಿನ ಎತ್ತರದ ಊರಿನಿಂದ ಮಕ್ಕಳು, ಹಿರಿಯರೊಂದಿಗೆ ಮೊದಲ ಸಲ ಹೊರಡುವವರಿಗೆ ಅವನ್ನು ಹೇಳುವುದು ಸರಿಯಲ್ಲ. ಗ್ರೇಟ್ ಹಿಮಾಲಯನ್ ಉದ್ಯಾನಕ್ಕೆ ನಡಿಗೆ ಶುರುವಾಗುವ, ತೀರ್ಥನ್ ಕಣಿವೆಯ ಗುಶೈನಿ ಹಳ್ಳಿ ಇರುವುದು ಸುಮಾರು 1,500 ಮೀಟರ್ ಎತ್ತರದಲ್ಲಿ. ಅಲ್ಲಿ ಉಸಿರಾಟದ ತೊಂದರೆಯಿಲ್ಲದೆ ಮಲಗಿ, ಹಗಲು ಹೊತ್ತು ಹಿಮವಿರುವ ಕಡೆ ಹೋಗಿಬರಬಹುದು.

1. ತಿಂಗಳು ಗೊತ್ತುಮಾಡಿಕೊಳ್ಳಿ

ಕಾಲಿಗೆ ಹಿಮ ಸಿಗಬೇಕು, ರಸ್ತೆಯೂ ತೆರೆದಿರಬೇಕು ಎನ್ನುವವರಿಗೆ ಫೆಬ್ರುವರಿ ಕೊನೆಯಿಂದ ಮಾರ್ಚ್ ಕೊನೆಯವರೆಗಿನ ಅವಧಿ ಸೂಕ್ತ. ಡಿಸೆಂಬರ್-ಜನವರಿಯಲ್ಲಿ ಹಿಮ ಹೆಚ್ಚು, ನಿಜ. ಆದರೆ ಆ ದಿನಗಳಲ್ಲಿ ಗ್ವಾಲಿಯರ್‌ನಿಂದ ಅಂಬಾಲಾವರೆಗಿನ ಬಯಲಿನಲ್ಲಿ ದಟ್ಟ ಮಂಜು ಮುಸುಕುತ್ತದೆ. ಮುಂದಿನ ಲಾರಿ ಕಾಣುವ ಹೊತ್ತಿಗೆ ಬ್ರೇಕ್ ಹಾಕಲು ಜಾಗವೇ ಉಳಿದಿರುವುದಿಲ್ಲ. ಸಾಲುಸಾಲಾಗಿ ಗಾಡಿಗಳು ಗುದ್ದುವುದು ಹೀಗೆಯೇ. ದಕ್ಷಿಣದಿಂದ ಹೋಗುವ ಚಾಲಕರಿಗೆ ಬೆಟ್ಟದ ಹಿಮಕ್ಕಿಂತ ಬಯಲಿನ ಈ ಮಂಜೇ ದೊಡ್ಡ ಅಪಾಯ. ಆ ತಿಂಗಳುಗಳಲ್ಲೇ ಹೋಗಬೇಕಾದರೆ ಬೆಳಿಗ್ಗೆ 10ಕ್ಕೆ ಮುಂಚೆ, ಸಂಜೆ 5ರ ನಂತರ ಹೆದ್ದಾರಿಗೆ ಇಳಿಯಬೇಡಿ.

ಶಾಲೆಯ ರಜೆಗೆ ಕಾಯುವವರಿಗೆ ಏಪ್ರಿಲ್ ಎರಡನೇ ವಾರದ ನಂತರವೇ ದಾರಿ. ಆಗ ಹಿಮ ಮೇಲಿನ ಕಣಿವೆ ದಾರಿಗಳಲ್ಲಿ, ನೆರಳಿನ ಇಳಿಜಾರಿನಲ್ಲಿ ಅಲ್ಲಲ್ಲಿ ಉಳಿದಿರುತ್ತದೆ, ಶಿಖರಗಳ ಮೇಲೆ ಇದ್ದೇ ಇರುತ್ತದೆ. ದಸರಾ ರಜೆಯ ಹೊತ್ತಿಗೆ ಆಕಾಶ ಶುಭ್ರ, ನಡೆಯಲು ಅದೇ ಅತ್ಯುತ್ತಮ ಕಾಲ. ಹಿಮ ಮಾತ್ರ ದೂರದಿಂದಲೇ. ಜುಲೈನಿಂದ ಸೆಪ್ಟೆಂಬರ್ ಮಧ್ಯದವರೆಗೆ ಹೋಗಲೇಬೇಡಿ. 2023ರ ಜುಲೈನಲ್ಲಿ ಬಿಯಾಸ್ ನದಿ ಉಕ್ಕಿ ಮಂಡಿ-ಕುಲ್ಲು ಹೆದ್ದಾರಿಯನ್ನು ಹಲವು ಕಡೆ ಕೊಚ್ಚಿಕೊಂಡು ಹೋಗಿತ್ತು. ಮಳೆಗಾಲದಲ್ಲಿ ಗುಡ್ಡ ಕುಸಿತ ಅಲ್ಲಿ ಪ್ರತಿವರ್ಷದ ಮಾತು.

ಬಳ್ಳಾರಿಯಿಂದ ಗುಶೈನಿಗೆ ಸುಮಾರು 2,400 ಕಿ.ಮೀ. ಇಬ್ಬರು ಚಾಲಕರಿದ್ದು, ಹಗಲು ಮಾತ್ರ ಓಡಿಸಿದರೆ ಐದೂವರೆ ದಿನ. ಬರಲೂ ಅಷ್ಟೇ. ಅಲ್ಲಿ ನಾಲ್ಕು ದಿನ, ರಸ್ತೆ ಮುಚ್ಚಿದರೆ ಇರಲೆಂದು ಒಂದು ದಿನ ಸೇರಿಸಿ 16 ದಿನ ಇಟ್ಟುಕೊಳ್ಳಿ. ಅಷ್ಟು ರಜೆ ಇಲ್ಲದವರು ಹಟ ಮಾಡಬೇಡಿ. ರಾಯಚೂರಿನಿಂದ ಕರ್ನಾಟಕ ಎಕ್ಸ್‌ಪ್ರೆಸ್ ಹತ್ತಿ ದೆಹಲಿಗೆ ಹೋಗಿ, ಅಲ್ಲಿಂದ ಕುಲ್ಲು-ಮನಾಲಿ ಬಸ್ಸಿನಲ್ಲಿ ಔಟ್ ಎಂಬಲ್ಲಿ ಇಳಿದರೆ ಟ್ಯಾಕ್ಸಿ ಸಿಗುತ್ತದೆ. ಹತ್ತು ದಿನದಲ್ಲಿ ಇಡೀ ದಾರಿಯನ್ನು ಒಬ್ಬರೇ ಓಡಿಸಿ ಮುಗಿಸುವ ಯೋಜನೆಗೆ ನಮ್ಮ ಸಮ್ಮತಿ ಇಲ್ಲ.

2. ಗಾಡಿಯನ್ನು ಚಳಿಗೆ ಒಗ್ಗಿಸಿ (ಹೊರಡುವ ಎರಡು ವಾರ ಮುಂಚೆ)

ಕೂಲೆಂಟ್ ಮೊದಲು. ನಮ್ಮ ಕಡೆ ರೇಡಿಯೇಟರ್ ಕಡಿಮೆಯಾದಾಗಲೆಲ್ಲ ನಲ್ಲಿ ನೀರೋ ಬೋರ್‌ವೆಲ್ ನೀರೋ ಸುರಿಯುವ ರೂಢಿ ಇದೆ. ಬಿಸಿಲಿನಲ್ಲಿ ಹೇಗೋ ನಡೆದುಹೋಗುತ್ತದೆ. ಆದರೆ ನೀರು ಶೂನ್ಯ ಡಿಗ್ರಿಗೆ ಹೆಪ್ಪುಗಟ್ಟಿ ಹಿಗ್ಗುತ್ತದೆ. ಹಿಗ್ಗಿದರೆ ರೇಡಿಯೇಟರ್ ಬಿರಿಯಬಹುದು, ಇಂಜಿನ್ ಬ್ಲಾಕ್ ಕೂಡ ಸೀಳಬಹುದು. ರಾತ್ರಿ ನಿಲ್ಲಿಸಿದ ಗಾಡಿಯಲ್ಲಿ ಸದ್ದಿಲ್ಲದೆ ಆಗುವ ಹಾನಿ ಇದು, ಬೆಳಿಗ್ಗೆ ಗೊತ್ತಾಗುತ್ತದೆ. ಆದ್ದರಿಂದ ಹಳೆಯದನ್ನು ಪೂರ್ತಿ ಬಸಿದು, ಡಿಸ್ಟಿಲ್ಡ್ ನೀರಿನಲ್ಲಿ ಒಮ್ಮೆ ತೊಳೆದು, ಎಥಿಲೀನ್ ಗ್ಲೈಕಾಲ್ ಇರುವ ಕೂಲೆಂಟ್ ತುಂಬಿಸಿ. ಸಾಂದ್ರ ಕೂಲೆಂಟ್ ಆದರೆ ಅರ್ಧ ಅದು, ಅರ್ಧ ಡಿಸ್ಟಿಲ್ಡ್ ನೀರು. ಈ ಪ್ರಮಾಣದಲ್ಲಿ ಅದು ಸುಮಾರು ಮೈನಸ್ 37 ಡಿಗ್ರಿವರೆಗೆ ಹೆಪ್ಪುಗಟ್ಟುವುದಿಲ್ಲ. ‘ಬೆರೆಸಿದ್ದು, ನೇರ ಬಳಕೆಗೆ’ ಎಂದು ಡಬ್ಬಿಯ ಮೇಲಿದ್ದರೆ ಮತ್ತೆ ನೀರು ಸೇರಿಸಬೇಡಿ. ಸಣ್ಣ ಕಾರಿಗೆ ಒಟ್ಟು 4ರಿಂದ 6 ಲೀಟರ್ ಬೇಕಾಗುತ್ತದೆ. ಒಂದು ಲೀಟರ್ ಹೆಚ್ಚುವರಿಯಾಗಿ ಡಿಕ್ಕಿಯಲ್ಲಿರಲಿ. ಬೇರೆ ಬಣ್ಣದ, ಬೇರೆ ಜಾತಿಯ ಕೂಲೆಂಟ್ ಬೆರೆಸಿದರೆ ಒಳಗೆ ಅಂಟಾಗಿ ಕೊಳವೆ ಕಟ್ಟಿಕೊಳ್ಳಬಹುದು. ಹಾಗಾಗಿ ಕಾರಿನ ಕೈಪಿಡಿಯಲ್ಲಿ ಹೇಳಿದ ಬಗೆಯನ್ನೇ ಹಾಕಿಸಿ. ಬದಲಿಸುವಾಗ ಎದುರಿಗೇ ನಿಂತು ನೋಡಿ. ಬಸಿದ ದ್ರವ ತುಕ್ಕಿನ ಬಣ್ಣದ್ದಾಗಿದ್ದರೆ ಇಷ್ಟು ದಿನ ಓಡಿದ್ದು ನೀರಿನಲ್ಲೇ ಎಂದು ತಿಳಿಯಿರಿ.

ಗಾಜು ತೊಳೆಯುವ ನೀರಿನ ತೊಟ್ಟಿಗೂ ಇದೇ ಮಾತು. ಸಾದಾ ನೀರು ಕೊಳವೆಯಲ್ಲಿ ಗಡ್ಡೆಯಾದರೆ ಪಂಪ್ ಸುಡುತ್ತದೆ. ಹೆಪ್ಪುಗಟ್ಟದ ವಾಷರ್ ದ್ರವ ಹಾಕಿ.

ಬ್ಯಾಟರಿಯನ್ನು ಕೊಲ್ಲುವುದು ನಮ್ಮ ಬಿಸಿಲು, ಸತ್ತದ್ದು ತಿಳಿಯುವುದು ಚಳಿಯಲ್ಲಿ. ರಾತ್ರಿಯಿಡೀ ನಿಂತ ಗಾಡಿಯಲ್ಲಿ ಮಲ್ಟಿಮೀಟರ್ ಇಟ್ಟು ನೋಡಿ: 12.6 ವೋಲ್ಟ್ ಇದ್ದರೆ ಪೂರ್ತಿ ಚಾರ್ಜ್ ಆಗಿದೆ. 12.4ಕ್ಕಿಂತ ಕಡಿಮೆ ಇದ್ದರೆ ಚಾರ್ಜ್ ಮಾಡಿಸಿ ಮತ್ತೆ ನೋಡಿ. ಇಂಜಿನ್ ಚಾಲೂ ಮಾಡುವ ಕ್ಷಣದಲ್ಲಿ 9.6ಕ್ಕಿಂತ ಕೆಳಗಿಳಿದರೆ ಅದನ್ನು ನಂಬಿ ಹೋಗಬೇಡಿ. ಮೂರು ಬೇಸಿಗೆ ಕಂಡ ಬ್ಯಾಟರಿಯನ್ನು ಅಳೆಯದೆ ಒಯ್ಯಬೇಡಿ. ಜಂಪರ್ ಕೇಬಲ್ (ಬೇರೆ ಗಾಡಿಯ ಬ್ಯಾಟರಿಯಿಂದ ಚಾಲೂ ಮಾಡುವ ದಪ್ಪ ತಂತಿ) ಇರಲಿ.

ಇಂಜಿನ್ ಆಯಿಲ್ ಕೈಪಿಡಿಯಲ್ಲಿ ಹೇಳಿದ ದರ್ಜೆಯದೇ ಆಗಲಿ. ಬಿಸಿಲೂರು ಎಂದು ಗ್ಯಾರೇಜಿನಲ್ಲಿ 20ಡಬ್ಲ್ಯು-50 ಹಾಕಿದ್ದರೆ ಚಳಿ ಮುಂಜಾವಿನಲ್ಲಿ ಅದು ಗಟ್ಟಿಯಾಗಿ ಸ್ಟಾರ್ಟರ್ ತಿಣುಕುತ್ತದೆ. ಮೊದಲ ಅಂಕೆ ಚಿಕ್ಕದಿದ್ದಷ್ಟೂ ಚಳಿಯಲ್ಲಿ ಆಯಿಲ್ ಹಗುರವಾಗಿ ಹರಿಯುತ್ತದೆ.

ಬ್ರೇಕ್ ಪ್ಯಾಡ್ ಅರ್ಧಕ್ಕಿಂತ ಹೆಚ್ಚು ಸವೆದಿದ್ದರೆ ಬದಲಿಸಿ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ. ಎರಡು ವರ್ಷ ದಾಟಿದ ಆಯಿಲ್ ಉದ್ದ ಇಳಿಜಾರಿನ ಬಿಸಿಗೆ ಕುದಿದು ಪೆಡಲ್ ಪುಸಕ್ಕನೆ ಒಳಗೆ ಹೋಗಬಹುದು. ಅದನ್ನೂ ಬದಲಿಸಿಯೇ ಹೊರಡಿ.

ಟೈರಿನ ಎಳೆಯ ಆಳ 1.6 ಮಿ.ಮೀ. ಇದ್ದರೆ ಕಾನೂನಿಗೆ ಸಾಕು, ಹಿಮಕ್ಕೆ ಸಾಲದು. ಕನಿಷ್ಠ 4 ಮಿ.ಮೀ. ಇರಲಿ. ನಮ್ಮ ಟೈರುಗಳ ರಬ್ಬರ್ ಬಿಸಿಲಿಗಾಗಿ ಮಾಡಿದ್ದು, 7 ಡಿಗ್ರಿಗಿಂತ ಕೆಳಗೆ ಬಿರುಸಾಗಿ ಹಿಡಿತ ಕಳೆದುಕೊಳ್ಳುತ್ತದೆ. ಗಾಳಿಯ ವಿಷಯದಲ್ಲಿ ತುಂಬ ಗೊಂದಲವಿದೆ. ಉಷ್ಣತೆ 5-6 ಡಿಗ್ರಿ ಇಳಿದಂತೆಲ್ಲ ಟೈರಿನ ಒತ್ತಡ ಸುಮಾರು 1 ಪಿಎಸ್‌ಐ ಇಳಿಯುತ್ತದೆ. ಅದೇ ಹೊತ್ತಿಗೆ ಎತ್ತರ ಏರಿದಂತೆ ಹೊರಗಿನ ಗಾಳಿಯ ಒತ್ತಡವೂ ಕಡಿಮೆಯಾಗಿ ಮೀಟರ್ ಸ್ವಲ್ಪ ಹೆಚ್ಚು ತೋರಿಸುತ್ತದೆ. ಲೆಕ್ಕ ಹಾಕುತ್ತ ಕೂರಬೇಡಿ. ಕಾರಿನಲ್ಲಿ ಒಂದು ಗೇಜ್ ಮತ್ತು 12 ವೋಲ್ಟಿನ ಗಾಳಿ ಪಂಪ್ ಇಟ್ಟುಕೊಂಡು, ಬೆಳಿಗ್ಗೆ ಗಾಡಿ ಕದಲಿಸುವ ಮುನ್ನ ಅಳೆದು, ಬಾಗಿಲ ಬಳಿ ಬರೆದಿರುವ ಅಂಕಿಗೆ ಸರಿಮಾಡಿ. ಹಿಮದಲ್ಲಿ ಹಿಡಿತ ಸಿಗಲೆಂದು ಗಾಳಿ ಇಳಿಸುವ ಉಪಾಯ ಮರಳಿಗೆ ಸರಿ, ಇಲ್ಲಿ ಬೇಡ.

ಚೈನ್ ಬಗ್ಗೆ: ಮಾರ್ಚ್‌ನಲ್ಲಿ ಹೋಗುವವರು ಒಂದು ಜೊತೆ ಒಯ್ಯುವುದು ಒಳ್ಳೆಯದು. ಟೈರಿನ ಪಕ್ಕದಲ್ಲಿ ಬರೆದಿರುವ ಅಳತೆಗೆ (ಉದಾಹರಣೆಗೆ 185/65 ಆರ್15) ತಕ್ಕದ್ದನ್ನೇ ಕೊಳ್ಳಿ. ಇಂಜಿನ್ ಯಾವ ಚಕ್ರಗಳನ್ನು ತಿರುಗಿಸುತ್ತದೋ ಆ ಚಕ್ರಗಳಿಗೆ ಕಟ್ಟಬೇಕು. ನಮ್ಮ ಬಹುತೇಕ ಕಾರುಗಳಲ್ಲಿ ಅದು ಮುಂದಿನ ಜೋಡಿ. ಮನೆ ಮುಂದೆ ಎರಡು ಸಲ ಕಟ್ಟಿ ಬಿಚ್ಚಿ ಅಭ್ಯಾಸ ಮಾಡಿ. ಬೆರಳು ಮರಗಟ್ಟುವ ಚಳಿಯಲ್ಲಿ, ಕತ್ತಲಾಗುತ್ತಿರುವಾಗ ಮೊದಲ ಸಲ ಡಬ್ಬಿ ತೆರೆದು ಕಲಿಯಲಾಗದು. ಕಟ್ಟಿದ ಮೇಲೆ ನೂರು ಮೀಟರ್ ಓಡಿಸಿ, ಇಳಿದು ಮತ್ತೆ ಬಿಗಿ ಮಾಡಿ. ವೇಗ 30 ದಾಟದಿರಲಿ. ಹಿಮ ಮುಗಿದು ಡಾಂಬರು ಕಂಡೊಡನೆ ಬಿಚ್ಚಿ, ಇಲ್ಲದಿದ್ದರೆ ಚೈನ್ ತುಂಡಾಗಿ ಬ್ರೇಕ್ ಕೊಳವೆಗೆ ಹೊಡೆಯುತ್ತದೆ.

3. ಕಾಗದ, ಬಟ್ಟೆ, ಬುತ್ತಿ

ಆರ್‌ಸಿ, ವಿಮೆ, ಹೊಗೆ ತಪಾಸಣೆ ಪ್ರಮಾಣಪತ್ರ, ಚಾಲನಾ ಪರವಾನಗಿ ಇವು ಡಿಜಿಲಾಕರ್‌ನಲ್ಲಿದ್ದರೂ ಸಾಕು. ಪ್ರತಿಯೊಂದರ ನಕಲು ಕಾರಿನಲ್ಲಿರಲಿ. ಕೆಎ-34, 36, 37 ಯಾವ ನೋಂದಣಿಯಾದರೂ ಪ್ರವಾಸಕ್ಕೆ ಬೇರೆ ಪರವಾನಗಿ ಬೇಡ. ಫಾಸ್ಟ್ಯಾಗ್ ತುಂಬಿಸಿಡಿ. 10 ವರ್ಷ ದಾಟಿದ ಡೀಸೆಲ್ ಅಥವಾ 15 ವರ್ಷ ದಾಟಿದ ಪೆಟ್ರೋಲ್ ಗಾಡಿಯಾದರೆ ದೆಹಲಿ ಸುತ್ತಮುತ್ತ ನಿರ್ಬಂಧ ಇರಬಹುದು. ಆ ಗಾಡಿಯಲ್ಲಿ ಹೋಗಬೇಡಿ. ಕರ್ನಾಟಕದ ಪ್ರಿಪೇಯ್ಡ್ ಸಿಮ್ ಹಿಮಾಚಲದಲ್ಲಿ ಕೆಲಸ ಮಾಡುತ್ತದೆ. ಪೋಸ್ಟ್‌ಪೇಯ್ಡ್ ಬೇಕಾಗುವುದು ಜಮ್ಮು-ಕಾಶ್ಮೀರ ಮತ್ತು ಲಡಾಖಿಗೆ.

ಬಳ್ಳಾರಿಯ ಜೀನ್ಸ್ ದೇಶಕ್ಕೇ ಹೆಸರಾದದ್ದು, ಆದರೆ ಹಿಮದಲ್ಲಿ ಅದನ್ನು ತೊಡಬೇಡಿ. ಜೀನ್ಸ್ ಎಂದರೆ ದಪ್ಪ ಹತ್ತಿ. ಒಮ್ಮೆ ಮೊಣಕಾಲು ಹಿಮದಲ್ಲಿ ಊರಿದರೆ ನೀರು ಹೀರಿ ಸಂಜೆವರೆಗೂ ಒಣಗುವುದಿಲ್ಲ, ಮೈಯ ಶಾಖವನ್ನೆಲ್ಲ ಎಳೆಯುತ್ತದೆ. ಹತ್ತಿ ಬನಿಯನ್ನಿಗೂ ಇದೇ ಕಾರಣ. ಮೈಗೆ ತಾಗುವಂತೆ ಉಣ್ಣೆಯ ಅಥವಾ ಸಿಂಥೆಟಿಕ್ ಥರ್ಮಲ್, ಅದರ ಮೇಲೆ ಉಣ್ಣೆಯ ಸ್ವೆಟರ್ ಅಥವಾ ಫ್ಲೀಸ್, ಎಲ್ಲಕ್ಕಿಂತ ಮೇಲೆ ಗಾಳಿ-ನೀರು ತಡೆಯುವ ಜಾಕೆಟ್, ಹೀಗೆ ಮೂರು ಪದರ. ಒಂದೇ ಭಾರಿ ಕೋಟಿಗಿಂತ ಇದು ಮೇಲು. ನಡೆದು ಬೆವರಿದಾಗ ಒಂದು ಪದರ ತೆಗೆಯಬಹುದು. ಕಾಲಿಗೆ ಕಣಕಾಲು ಮುಚ್ಚುವ ಬೂಟು, ಎರಡು ಜೊತೆ ಉಣ್ಣೆ ಕಾಲುಚೀಲ. ಹಿಮದ ಮೇಲಿನ ಬಿಸಿಲು ಕಣ್ಣನ್ನು ಸುಡುತ್ತದೆ, ಕಪ್ಪು ಕನ್ನಡಕ ಮಕ್ಕಳಿಗೂ ಬೇಕು. ಮನೆಯಲ್ಲಿ ಕುರಿ ಉಣ್ಣೆಯ ಕಂಬಳಿ ಇದ್ದರೆ ಕಾರಿನಲ್ಲಿ ಹಾಕಿಕೊಳ್ಳಿ. ಗಾಡಿ ಎಲ್ಲಾದರೂ ನಿಂತುಬಿಟ್ಟರೆ ಅದಕ್ಕಿಂತ ಒಳ್ಳೆಯ ಹೊದಿಕೆ ಇಲ್ಲ.

ಬುತ್ತಿಗೆ ಕಟಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿ. ಎರಡು ವಾರ ಕೆಡುವುದಿಲ್ಲ, ಗುಡ್ಡದ ಮೇಲೆ ರಸ್ತೆ ಕಟ್ಟಿ ಕೂತಾಗ ಹೊಟ್ಟೆ ಕಾಯುತ್ತದೆ.

4. ದಾರಿ

ಬಳ್ಳಾರಿಯವರು ಹಗರಿ, ಆಲೂರು, ಆದೋನಿ ಮೂಲಕ ರಾಯಚೂರಿಗೆ, ಅಲ್ಲಿಂದ ಮಕ್ತಲ್, ಮಹಬೂಬ್‌ನಗರ ದಾಟಿ ಜಡ್‌ಚರ್ಲಾದಲ್ಲಿ 44ನೇ ರಾಷ್ಟ್ರೀಯ ಹೆದ್ದಾರಿ ಸೇರಬೇಕು. ಇದು 167ನೇ ಹೆದ್ದಾರಿ. ಕೊಪ್ಪಳದವರಿಗೆ ಗಂಗಾವತಿ, ಸಿಂಧನೂರು, ಮಾನ್ವಿ ಮೂಲಕ ರಾಯಚೂರು ಹತ್ತಿರ. ಜಡ್‌ಚರ್ಲಾದಿಂದ ಅಂಬಾಲಾವರೆಗೆ ಬಹುಪಾಲು 44ನ್ನೇ ಹಿಡಿದು ಹೋಗುವುದು.

ಮೊದಲ ದಿನ ನಿರ್ಮಲ್‌ವರೆಗೆ, ಸುಮಾರು 560 ಕಿ.ಮೀ. ಹೈದರಾಬಾದ್ ಊರೊಳಗೆ ಹೋಗದೆ ಶಂಶಾಬಾದ್ ಬಳಿ ಹೊರವರ್ತುಲ ರಸ್ತೆ ಹತ್ತಿ ಮೇಡ್ಚಲ್ ಕಡೆ ಇಳಿಯಿರಿ. ಎರಡನೇ ದಿನ ನಾಗಪುರ ದಾಟಿ ಸಿವನಿ. ನಾಗಪುರ-ಸಿವನಿ ನಡುವೆ ಹೆದ್ದಾರಿ ಪೆಂಚ್ ಹುಲಿ ಕಾಡನ್ನು ಸೀಳಿಕೊಂಡು ಹೋಗುತ್ತದೆ. ಪ್ರಾಣಿಗಳು ಕೆಳಗಿಂದ ದಾಟಲೆಂದು ರಸ್ತೆಯನ್ನೇ ಕಂಬಗಳ ಮೇಲೆ ಎತ್ತಿದ್ದಾರೆ. ಅಲ್ಲಿ ನಿಲ್ಲಿಸಬೇಡಿ, ಹಾರ್ನ್ ಮಾಡಬೇಡಿ. ಮೂರನೇ ದಿನ ಸಾಗರ, ಲಲಿತಪುರ ಮೂಲಕ ಝಾನ್ಸಿ. ನಾಲ್ಕನೇ ದಿನ ಗ್ವಾಲಿಯರ್, ಆಗ್ರಾ ದಾಟಿ, ಪಲ್ವಲ್‌ನಲ್ಲಿ ಕುಂಡ್ಲಿ-ಮಾನೇಸರ್-ಪಲ್ವಲ್ ಎಕ್ಸ್‌ಪ್ರೆಸ್ ರಸ್ತೆ ಹಿಡಿದರೆ ದೆಹಲಿಯನ್ನು ಮುಟ್ಟದೆ ಕುಂಡ್ಲಿಗೆ ಹೋಗಿ ಕರ್ನಾಲ್ ಸೇರಬಹುದು. ಈ ನಾಲ್ಕು ದಿನಗಳಲ್ಲಿ ಇದೇ ಹೆಚ್ಚು ದಣಿವಿನ ದಿನ. ಕತ್ತಲಾದರೆ ಪಾಣಿಪತ್‌ನಲ್ಲೇ ನಿಲ್ಲಿ. ಐದನೇ ದಿನ ಅಂಬಾಲಾ, ಖರಡ್, ರೂಪನಗರ, ಕೀರತ್‌ಪುರ, ಬಿಲಾಸ್‌ಪುರ, ಮಂಡಿ. ಕೀರತ್‌ಪುರದಿಂದ ಚತುಷ್ಪಥ ಮತ್ತು ಸುರಂಗಗಳಾದ ಮೇಲೆ ಈ ಹಾದಿ ಮೊದಲಿಗಿಂತ ಬಹಳ ಸಲೀಸಾಗಿದೆ.

ಇಂಧನದ ಅಂದಾಜು: ಲೀಟರಿಗೆ 16 ಕಿ.ಮೀ. ಕೊಡುವ ಕಾರಿಗೆ ಹೋಗಿಬರುವ ಸುಮಾರು 5,000 ಕಿ.ಮೀ.ಗೆ 310 ಲೀಟರ್. ಡೀಸೆಲ್ ಗಾಡಿಯವರು ಒಂದು ಮುಖ್ಯ ವಿಷಯ ನೆನಪಿಡಿ. ಡೀಸೆಲ್‌ನಲ್ಲಿರುವ ಮೇಣ ಚಳಿಯಲ್ಲಿ ಗಟ್ಟಿಯಾಗಿ ಫಿಲ್ಟರ್ ಕಟ್ಟುತ್ತದೆ. ಬಯಲುಸೀಮೆಯ ಡೀಸೆಲ್ ಅನ್ನು ಅಷ್ಟು ಚಳಿಗೆಂದು ಮಾಡಿರುವುದಿಲ್ಲ. (ಲಡಾಖಿಗೆಂದೇ 2019ರಲ್ಲಿ ಇಂಡಿಯನ್ ಆಯಿಲ್ ಮೈನಸ್ 33 ಡಿಗ್ರಿಯಲ್ಲೂ ಹರಿಯುವ ಡೀಸೆಲ್ ತಂದದ್ದು ಇದೇ ಕಾರಣಕ್ಕೆ.) ಟ್ಯಾಂಕ್ ಅರ್ಧವಾಗಿರುವಾಗ ಮಂಡಿ ತಲುಪಿ, ಅಲ್ಲಿ ತುಂಬಿಸಿ. ಬೆಳಿಗ್ಗೆ ಗಾಡಿ ಚಾಲೂ ಆಗಿ ಕೂಡಲೇ ನಿಂತರೆ ಮತ್ತೆ ಮತ್ತೆ ಸ್ಟಾರ್ಟರ್ ತಿರುಗಿಸದೆ ಬಿಸಿಲು ಬರುವವರೆಗೆ ಕಾಯಿರಿ. ಟ್ಯಾಂಕಿನ ಕೆಳಗೆ ಬೆಂಕಿ ಹಿಡಿಯುವ ಲಾರಿಯವರ ವಿದ್ಯೆಯನ್ನು ನೀವು ಮಾಡಬೇಡಿ.

5. ಮಂಡಿಯಿಂದ ಗುಶೈನಿ

80 ಕಿ.ಮೀ. ಆಸುಪಾಸು, ಮೂರರಿಂದ ನಾಲ್ಕು ತಾಸು. ನಗದು ಹಣವನ್ನು ಮಂಡಿಯಲ್ಲೇ ತೆಗೆದುಕೊಳ್ಳಿ, ನಕ್ಷೆಯನ್ನು ಇಂಟರ್ನೆಟ್ ಇಲ್ಲದೆಯೂ ತೆರೆಯುವಂತೆ ಫೋನಿಗೆ ಇಳಿಸಿಕೊಳ್ಳಿ. ಪಂಡೋಹ್ ದಾಟಿ ಔಟ್ ಸುರಂಗದ ಬಾಯಿಯ ಹತ್ತಿರ ಲಾರ್ಜಿ-ಬಂಜಾರ್ ರಸ್ತೆ ಕವಲೊಡೆಯುತ್ತದೆ. ಇದು 305ನೇ ಹೆದ್ದಾರಿ. ಕವಲು ತಪ್ಪಿದರೆ ಹೆಚ್ಚುಕಡಿಮೆ ಮೂರು ಕಿ.ಮೀ. ಉದ್ದದ ಸುರಂಗದೊಳಗೆ ಹೊಕ್ಕು ಕುಲ್ಲು ಕಡೆ ಹೊರಬೀಳುತ್ತೀರಿ. ಹೊಸಬರಲ್ಲಿ ಬಹಳ ಮಂದಿಗೆ ಹೀಗಾಗುತ್ತದೆ. ಸುರಂಗದೊಳಗೆ ಹಿಂದಕ್ಕೆ ತಿರುಗಿಸುವ ಯತ್ನ ಬೇಡ.

ಈ ಹಾದಿಯಲ್ಲಿ ನದಿ ನಿಮ್ಮ ಪಕ್ಕದಲ್ಲೇ ಹರಿಯುತ್ತದೆ. ಬಂಡೆಗಳ ನಡುವೆ ತಿಳಿನೀರು ಕಂಡಾಗ ತುಂಗಭದ್ರೆಯ ದಂಡೆಯಲ್ಲಿ ಬೆಳೆದವರಿಗೆ ಇಳಿಯುವ ಮನಸ್ಸಾಗುವುದು ಸಹಜ. ಇಳಿಯಬೇಡಿ. 2014ರ ಜೂನ್‌ನಲ್ಲಿ ಇದೇ ಬಿಯಾಸ್ ನದಿಯಲ್ಲಿ, ಲಾರ್ಜಿ ಅಣೆಕಟ್ಟಿನಿಂದ ಬಿಟ್ಟ ನೀರು ಏಕಾಏಕಿ ಏರಿ, ಬಂಡೆಗಳ ಮೇಲೆ ನಿಂತು ಚಿತ್ರ ತೆಗೆಯುತ್ತಿದ್ದ ಹೈದರಾಬಾದಿನ 24 ವಿದ್ಯಾರ್ಥಿಗಳು ಕೊಚ್ಚಿಹೋದರು. ನೀರು ಮೊಣಕಾಲಿನಿಂದ ಎದೆಗೆ ಬರುವಷ್ಟರಲ್ಲಿ ದಡಕ್ಕೆ ಓಡಲು ಸಮಯ ಸಿಗುವುದಿಲ್ಲ. ಅಣೆಕಟ್ಟಿನ ಕೆಳಗಿನ ಪಾತ್ರ ಎಷ್ಟೇ ಶಾಂತವಾಗಿ ಕಂಡರೂ ಸೈರನ್ನಿಗೆ ಕಾದು ಕೂರಬೇಡಿ, ಚಿತ್ರವನ್ನು ರಸ್ತೆಯಿಂದಲೇ ತೆಗೆಯಿರಿ.

ಬಂಜಾರ್‌ನಿಂದ ಒಂದು ರಸ್ತೆ ಗುಶೈನಿಗೆ, ಇನ್ನೊಂದು ಜಿಭಿ, ಶೋಜಾ ಮೂಲಕ ಜಲೋರಿ ಕಣಿವೆ ದಾರಿಗೆ ಹೋಗುತ್ತದೆ. ತಂಗಲು ಗುಶೈನಿ ಕಡೆ ಹಿಡಿಯಿರಿ. ರಸ್ತೆ ಕಿರಿದು. ಏರುವ ಗಾಡಿಗೆ ದಾರಿ ಬಿಡುವುದು ಅಲ್ಲಿನ ನಿಯಮ, ಹಿಂದಕ್ಕೆ ಸರಿಯಬೇಕಾದರೆ ಬೇಸರವಿಲ್ಲದೆ ಸರಿಯಿರಿ.

6. ಪರವಾನಗಿ ಪಡೆದು ಉದ್ಯಾನಕ್ಕೆ ನಡೆಯಿರಿ

ಉದ್ಯಾನ ಪ್ರವೇಶಕ್ಕೆ ಅರಣ್ಯ ಇಲಾಖೆಯ ಪರವಾನಗಿ ಬೇಕು. ತೀರ್ಥನ್ ಕಡೆಯಿಂದ ಹೋಗುವವರಿಗೆ ಅದು ಬಂಜಾರ್-ಗುಶೈನಿ ರಸ್ತೆಯಲ್ಲಿರುವ ಸಾಯಿ ರೋಪಾ ಕೇಂದ್ರದಲ್ಲಿ ಸಿಗುತ್ತದೆ. ಪ್ರತಿಯೊಬ್ಬರ ಗುರುತಿನ ಚೀಟಿಯ ನಕಲು ಮತ್ತು ಭಾವಚಿತ್ರ ಕೈಯಲ್ಲಿರಲಿ. ದರ, ಮಾರ್ಗದ ಸ್ಥಿತಿ ಎಲ್ಲ ಅಲ್ಲೇ ಕೇಳಿ. ಕಚೇರಿ ರಜೆಯ ದಿನ ತಲುಪಿ ಕಾಯುವಂತಾಗದಿರಲು ವಾರದ ನಡುವೆ ಹೋಗಿ. ಸ್ಥಳೀಯ ಮಾರ್ಗದರ್ಶಕರನ್ನು ಜೊತೆಗೆ ಕರೆದುಕೊಳ್ಳಲೇಬೇಕು. ಹಿಮ ಬಿದ್ದ ಮೇಲೆ ಕಾಲುದಾರಿ ಎಲ್ಲಿ, ಹಳ್ಳದ ಅಂಚು ಎಲ್ಲಿ ಎಂದು ಅವರಿಗೇ ಗೊತ್ತು. ಉದ್ಯಾನದ ಸುತ್ತಲ ಹಳ್ಳಿಗಳ ಸಂಪಾದನೆಯೂ ಅದೇ.

ಗುಶೈನಿಯಿಂದ ಉದ್ಯಾನದ ದ್ವಾರಕ್ಕೆ 8-9 ಕಿ.ಮೀ. ನಡಿಗೆ, ತೀರ್ಥನ್ ನದಿಯ ಗುಂಟ. ಅಲ್ಲಿಂದ ಸ್ವಲ್ಪ ಮುಂದೆ ರೋಲಾ ಬಿಡಾರ, ಸುಮಾರು 2,100 ಮೀಟರ್ ಎತ್ತರ. ಒಂದೇ ದಿನದಲ್ಲಿ ಹೋಗಿಬರುವುದಾದರೆ ಬೆಳಿಗ್ಗೆ 7ಕ್ಕೆ ಹೊರಟು, ಮಧ್ಯಾಹ್ನ 1ಕ್ಕೆ ಎಲ್ಲಿದ್ದರೂ ಹಿಂದಿರುಗಿ. ಹತ್ತು ವರ್ಷದೊಳಗಿನ ಮಕ್ಕಳಿಗೆ ಪೂರ್ತಿ ದೂರ ಕಷ್ಟ. ಅವರೊಂದಿಗೆ ಅರ್ಧ ದಾರಿಯವರೆಗೆ ಹೋಗಿ ಬನ್ನಿ, ಪರವಾನಗಿಯೂ ಬೇಡ, ಕಾಡೂ ಅದೇ.

ಹಕ್ಕಿ ನೋಡುವವರಿಗೆ ಒಂದು ಮಾತು. ಜುಜುರಾಣಾ ಮೊದಲ ಭೇಟಿಯಲ್ಲೇ ಕಾಣುತ್ತದೆಂದು ಯಾರಾದರೂ ಭರವಸೆ ಕೊಟ್ಟರೆ ನಂಬಬೇಡಿ, ಅದು ಬಹಳ ಅಂಜುವ ಹಕ್ಕಿ. ಮೋನಾಲ್ ಕಾಣುವ ಅವಕಾಶ ಹೆಚ್ಚು. ಚಳಿಗೆ ಎತ್ತರದಿಂದ ಕೆಳಗಿಳಿಯುವುದರಿಂದ ಮಾರ್ಚ್ ಮುಂಜಾವು ಒಳ್ಳೆಯ ಹೊತ್ತು. ಸದ್ದು ಮಾಡಬೇಡಿ, ಫೋನಿನಲ್ಲಿ ಹಕ್ಕಿಯ ಕೂಗು ಹಾಕಿ ಕರೆಯುವುದಂತೂ ಬೇಡವೇ ಬೇಡ.

7. ಜಲೋರಿಗೆ ಹಿಮ ನೋಡಲು

ಕೈತುಂಬ ಹಿಮ ಸಿಗುವುದು ಇಲ್ಲಿ, ಸುಮಾರು 3,100 ಮೀಟರ್ ಎತ್ತರದಲ್ಲಿ. ಉದ್ಯಾನದ ಹೊರಗಿನ ಜಾಗ, ಪರವಾನಗಿ ಬೇಡ. ಆದರೆ ಶೋಜಾದಿಂದ ಮೇಲಿನ ಕೊನೆಯ ಏರು ಈ ಪ್ರವಾಸದಲ್ಲೇ ಅತಿ ಕಡಿದು. ಮೊದಲ ಗೇರಿನಲ್ಲೇ ಹತ್ತಬೇಕು. ಅರ್ಧ ಕ್ಲಚ್ ಒತ್ತಿ ನಿಲ್ಲಿಸಿ ನಿಲ್ಲಿಸಿ ಏರಿಸಿದರೆ ಕ್ಲಚ್ ಸುಟ್ಟ ವಾಸನೆ ಬರುತ್ತದೆ. ಮುಂದಿನ ಗಾಡಿ ತಿರುವು ದಾಟುವವರೆಗೆ ಕೆಳಗೇ ಕಾದು, ನಂತರ ಒಂದೇ ಸಮನೆ ಏರಿಸಿ. ರಸ್ತೆಯ ಮೇಲೆ ಹಿಮವಿದ್ದರೆ ನಿಮ್ಮ ಕಾರನ್ನು ಜಿಭಿಯಲ್ಲೋ ಶೋಜಾದಲ್ಲೋ ಬಿಟ್ಟು, ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುವ ಸ್ಥಳೀಯ ಟ್ಯಾಕ್ಸಿಯಲ್ಲಿ ಹೋಗಿ. ಚೈನ್ ಇದ್ದರೂ ಇದೇ ಸಲಹೆ. ಚೈನ್ ಒಯ್ಯುವುದು ಏರಲು ಅಲ್ಲ, ಇದ್ದಕ್ಕಿದ್ದಂತೆ ಹಿಮ ಬಿದ್ದರೆ ಕೆಳಗಿಳಿದು ಬರಲು.

ತೆಳು ಹಿಮದಲ್ಲಿ ಓಡಿಸಲೇಬೇಕಾಗಿ ಬಂದರೆ: ಎರಡನೇ ಗೇರಿನಲ್ಲಿ ಮೆಲ್ಲಗೆ ಎತ್ತಿ. ಸ್ಟಿಯರಿಂಗ್, ಬ್ರೇಕ್, ಆಕ್ಸಿಲರೇಟರ್ ಯಾವುದನ್ನೂ ಥಟ್ಟನೆ ಒತ್ತಬೇಡಿ, ತಿರುಗಿಸಬೇಡಿ. ಇಳಿಯುವಾಗ ಕ್ಲಚ್ ಬಿಟ್ಟು ಚಿಕ್ಕ ಗೇರಿನಲ್ಲಿ ಇಂಜಿನ್ನೇ ಗಾಡಿಯನ್ನು ತಡೆಯಲಿ. ಬ್ರೇಕ್ ಒತ್ತಿದಾಗ ಪಾದಕ್ಕೆ ಕಟಕಟ ಎಂದು ಬಡಿದರೆ ಹೆದರಿ ಕಾಲು ತೆಗೆಯಬೇಡಿ, ಅದು ಎಬಿಎಸ್ (ಚಕ್ರ ಜಾಮ್ ಆಗದಂತೆ ತಡೆಯುವ ವ್ಯವಸ್ಥೆ) ಕೆಲಸ ಮಾಡುವ ಸದ್ದು. ಎಲ್ಲಕ್ಕಿಂತ ಮೋಸದ್ದು ಕಣ್ಣಿಗೆ ಕಾಣದ ಮಂಜುಗಡ್ಡೆ. ಹಗಲು ಕರಗಿದ ನೀರು ರಾತ್ರಿ ರಸ್ತೆಯ ಮೇಲೆ ಗಾಜಿನಂತೆ ಗಟ್ಟಿಯಾಗುತ್ತದೆ. ನೋಡಲು ಬರೀ ಒದ್ದೆ ಡಾಂಬರು. ದೇವದಾರು ಮರಗಳ ನೆರಳು ಬಿದ್ದ ತಿರುವುಗಳಲ್ಲಿ, ಸೇತುವೆಗಳ ಮೇಲೆ ಬೆಳಿಗ್ಗೆ 10ರವರೆಗೂ ಇರುತ್ತದೆ. ಹಾಗಾಗಿ ಹೊರಡುವ ಆತುರ ಬೇಡ, ಮಧ್ಯಾಹ್ನ 3ರೊಳಗೆ ಕೆಳಗಿಳಿದುಬಿಡಿ.

ಚಕ್ರ ಹೂತು ಗರಗರ ತಿರುಗಿದರೆ ಆಕ್ಸಿಲರೇಟರ್ ಒತ್ತಬೇಡಿ; ಒತ್ತಿದಷ್ಟೂ ಹಿಮ ಕರಗಿ ನುಣುಪಾಗುತ್ತದೆ. ಇಳಿದು ಚಕ್ರದ ಮುಂದಿನ ಹಿಮ ಕೆರೆದು, ಕಾರಿನ ಕಾಲೊರಸನ್ನು ಚಕ್ರದ ಬಾಯಿಗೆ ಕೊಟ್ಟು ನಿಧಾನ ಎತ್ತಿ.

ತಲೆನೋವು, ವಾಕರಿಕೆ ಬಂದರೆ ಅದು ಎತ್ತರದ ಪರಿಣಾಮವಿರಬಹುದು. ಕೆಳಗಿಳಿಯುವುದೇ ಮದ್ದು.

8. ರಾತ್ರಿ ನಿಲ್ಲಿಸುವಾಗ

ಹ್ಯಾಂಡ್‌ಬ್ರೇಕ್ ಎಳೆದಿಟ್ಟು ಹೋಗುವುದು ನಮ್ಮ ಅಭ್ಯಾಸ, ಅಲ್ಲಿ ಅದು ಬೇಡ. ಒದ್ದೆ ಬ್ರೇಕ್ ಚಳಿಯಲ್ಲಿ ಹೆಪ್ಪುಗಟ್ಟಿ ಕಚ್ಚಿಕೊಳ್ಳುತ್ತದೆ. ಸಮತಟ್ಟು ಜಾಗ ನೋಡಿ, ಗೇರಿನಲ್ಲಿಟ್ಟು, ಚಕ್ರಕ್ಕೆ ಕಲ್ಲು ಕೊಡಿ. ವೈಪರ್ ಕಡ್ಡಿಗಳನ್ನು ಗಾಜಿನಿಂದ ಎತ್ತಿ ನಿಲ್ಲಿಸಿ. ಬೆಳಿಗ್ಗೆ ಗಾಜಿನ ಮೇಲಿನ ಹಿಮಕ್ಕೆ ಬಿಸಿನೀರು ಸುರಿದರೆ ಗಾಜು ಸೀಳುತ್ತದೆ. ಪ್ಲಾಸ್ಟಿಕ್ ಪಟ್ಟಿಯಿಂದ ಕೆರೆಯಿರಿ.

ಕೋಣೆಯಲ್ಲಿ ಇದ್ದಿಲ ಅಂಗೀಠಿ (ಕೆಂಡದ ಒಲೆ) ಇಟ್ಟುಕೊಂಡು ಬಾಗಿಲು ಮುಚ್ಚಿ ಮಲಗಬೇಡಿ. ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆ ಇಲ್ಲ, ಕೆಮ್ಮೂ ಬರುವುದಿಲ್ಲ, ನಿದ್ದೆಯಲ್ಲೇ ಜೀವ ಹೋಗುತ್ತದೆ. ಹಿಮದಲ್ಲಿ ಸಿಕ್ಕ ಕಾರಿನೊಳಗೆ ಹೀಟರ್ ಹಾಕಿ ಕೂತಾಗಲೂ ಇದೇ ಅಪಾಯ: ಹಿಂದಿನ ಹೊಗೆ ಕೊಳವೆಯ ಸುತ್ತಲ ಹಿಮ ತೆಗೆದಿರಬೇಕು, ಒಂದು ಕಿಟಕಿ ಬೆರಳಗಲ ತೆರೆದಿರಬೇಕು. ಸಹಾಯಕ್ಕೆ 112, ಆಂಬುಲೆನ್ಸಿಗೆ 108.

9. ವಾಪಸಾಗುವಾಗ

ಬೆಟ್ಟದ ಚಳಿಯಲ್ಲಿ ಸರಿಮಾಡಿದ ಟೈರಿನ ಗಾಳಿ ಬಯಲಿನ ಬಿಸಿಗೆ ಏರಿರಬಹುದು. ಕೀರತ್‌ಪುರ ಇಳಿದ ಮರುದಿನ ಬೆಳಿಗ್ಗೆ ಅಳೆದು ಇಳಿಸಿ. ವಿದರ್ಭ, ತೆಲಂಗಾಣದ ಕಾದ ರಸ್ತೆಯಲ್ಲಿ ಹೆಚ್ಚು ಗಾಳಿಯ ಹಳೆ ಟೈರ್ ಸಿಡಿಯುವ ಸಂಭವವಿದೆ. ಊರು ಮುಟ್ಟಿದ ಮೇಲೆ ಬ್ರೇಕ್ ಪ್ಯಾಡ್ ತೋರಿಸಿ, ಕಾರಿನ ಅಡಿಭಾಗ ತೊಳೆಸಿ. ಕೂಲೆಂಟ್ ಬಸಿದು ಮತ್ತೆ ನೀರು ಹಾಕಿಸಬೇಡಿ. ಗ್ಲೈಕಾಲ್ ಬೆರೆತ ದ್ರವ ನೀರಿಗಿಂತ ಹೆಚ್ಚಿನ ಉಷ್ಣತೆಯಲ್ಲಿ ಕುದಿಯುತ್ತದೆ, ಬಳ್ಳಾರಿಯ ಮೇ ತಿಂಗಳಿಗೂ ಅದೇ ಸರಿ.